ಮೆಡಿಕ್ಲೇಮ್ ಕಟ್ಟಿದ ಬಿಲ್ಲಿಗೆ ಮತ್ತೆ ಪರಿಹಾರ ಸಿಗುತ್ತಾ?

2025ರ ಮಾರ್ಚ್ 28ರಂದು ಬಾಂಬೆ ಹೈಕೋರ್ಟ್‌ನ ಪೂರ್ಣ ಪೀಠದಿಂದ ಒಂದು ತೀರ್ಪು ಬಂತು. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೆಡಿಕ್ಲೇಮ್ ಪಾಲಿಸಿಯಿಂದ ಆಸ್ಪತ್ರೆ ಖರ್ಚು ಸಿಕ್ಕಿದ್ದರೂ ಆ ಮೊತ್ತವನ್ನು ಅವರ ಪರಿಹಾರದಲ್ಲಿ ಕಳೆಯುವಂತಿಲ್ಲ ಎಂದಿತು ಪೀಠ. ಅದಾಗಿ ತಿಂಗಳೊಪ್ಪತ್ತಿನೊಳಗೆ ನಮ್ಮ ಕರ್ನಾಟಕ ಹೈಕೋರ್ಟ್‌ನ ಏಕಸದಸ್ಯ ಪೀಠದ ತೀರ್ಪೊಂದು ಸುದ್ದಿಯಾಯಿತು. ಅಲ್ಲಿ ಉತ್ತರ ಪೂರ್ತಿ ಉಲ್ಟಾ. ಮೆಡಿಕ್ಲೇಮ್‌ನಿಂದ ಬಂದಿದ್ದನ್ನು ವೈದ್ಯಕೀಯ ಖರ್ಚಿನ ಬಾಬ್ತಿನಲ್ಲಿ ಕಳೆದೇ ಕೊಡಬೇಕು.

ಎರಡೂ ಸುದ್ದಿ ಓದಿದವರಿಗೆ ತಲೆ ಕೆಟ್ಟಿದ್ದರೆ ಆಶ್ಚರ್ಯವಿಲ್ಲ. ಕಾಯ್ದೆ ಒಂದೇ, 1988ರ ಮೋಟಾರು ವಾಹನ ಕಾಯ್ದೆ. ನಿಪ್ಪಾಣಿಯವರಿಗೆ ಒಂದು ಲೆಕ್ಕ, ಗಡಿ ದಾಟಿದರೆ ಕೊಲ್ಹಾಪುರದವರಿಗೆ ಇನ್ನೊಂದು ಲೆಕ್ಕ ಅಂದ್ರೆ ಹೇಗೆ? ಬೆಂಗಳೂರಿನಲ್ಲಂತೂ ಈ ಪ್ರಶ್ನೆ ಬಹಳ ಮನೆಗಳಿಗೆ ತಟ್ಟುತ್ತದೆ. ಐಟಿ ಕಂಪನಿಯವರಿಗೆ ಆಫೀಸಿನ ಗ್ರೂಪ್ ಪಾಲಿಸಿ ಇರುತ್ತದೆ. ಗಾರ್ಮೆಂಟ್ಸ್ ನೌಕರರಿಗೆ ಇಎಸ್ಐ, ರಾಜ್ಯ ಸರ್ಕಾರಿ ನೌಕರರಿಗೆ ಸರ್ಕಾರದ ಆರೋಗ್ಯ ಯೋಜನೆ. ಆಸ್ಪತ್ರೆಯ ಬಿಲ್ಲನ್ನು ಬೇರೆ ಯಾರೋ ಕಟ್ಟುವುದು ಇಲ್ಲಿ ಅಪರೂಪವೇನಲ್ಲ.

ಆದರೆ ಒಂದು ಮಾತು ಮೊದಲೇ ಹೇಳಬೇಕು. ಈ ಜಗಳ ಪರಿಹಾರದ ಒಂದೇ ಒಂದು ಬಾಬ್ತಿನ ಮೇಲೆ ನಡೆದಿದೆ. ಬಿಲ್ಲು ಎಷ್ಟೋ ಪರಿಹಾರವೂ ಅಷ್ಟೇ ಅಂತ ನಂಬಿದವರಿಗೆ ಮಾತ್ರ ಅದು ಇಡೀ ಕೇಸಿನ ಜಗಳದ ಹಾಗೆ ಕಾಣುತ್ತದೆ. ಆ ನಂಬಿಕೆಯೇ ಜಾಸ್ತಿ ನಷ್ಟ ಮಾಡುತ್ತಿದೆ.

ಬಿಲ್ಲಿಗೆ ಎಷ್ಟು ತೂಕ?

ಬೆಂಗಳೂರಿನಲ್ಲಿ ಅಪಘಾತ ಪರಿಹಾರದ ಕೇಸುಗಳಿಗೆ ವಕೀಲರ ಬಾಯಲ್ಲಿ ಎಂವಿಸಿ ಕೇಸು ಅಂತ ಹೆಸರು. ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರೇ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಾಗಿ ಕೂತು ಇವನ್ನು ಕೇಳುತ್ತಾರೆ. ಅರ್ಜಿ ಹಾಕುವುದು ಕಾಯ್ದೆಯ 166ನೇ ಸೆಕ್ಷನ್ ಅಡಿಯಲ್ಲಿ. ಎಷ್ಟು ಕೊಡಬೇಕು ಅನ್ನುವುದಕ್ಕೆ 168ನೇ ಸೆಕ್ಷನ್ ಹೇಳುವುದು ಒಂದೇ ಮಾತು: ನ್ಯಾಯಯುತ ಪರಿಹಾರ.

ನ್ಯಾಯಯುತ ಅಂದ್ರೆ ಏನು? 2010ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ಪ್ರಕರಣದಲ್ಲಿ ಇದನ್ನು ಬಾಬ್ತು ಬಾಬ್ತಾಗಿ ಬಿಡಿಸಿ ಇಟ್ಟಿತು. ಚಿಕಿತ್ಸೆ, ಔಷಧಿ, ಓಡಾಟ, ಪೌಷ್ಟಿಕ ಆಹಾರದ ಖರ್ಚು ಒಂದು. ಹಾಸಿಗೆ ಹಿಡಿದಿದ್ದಾಗ ತಪ್ಪಿದ ಸಂಪಾದನೆ ಇನ್ನೊಂದು. ಶಾಶ್ವತ ಊನದಿಂದ ಮುಂದೆ ತಪ್ಪುವ ಸಂಪಾದನೆ ಬೇರೆ. ಮುಂದೆ ಮಾಡಿಸಬೇಕಾದ ಚಿಕಿತ್ಸೆ ಬೇರೆ. ಆಮೇಲೆ ದುಡ್ಡಿನಲ್ಲಿ ಅಳೆಯಲಾಗದವು: ಪಟ್ಟ ನೋವು, ಕಳೆದುಕೊಂಡ ಬದುಕಿನ ಸುಖ, ಕುಗ್ಗಿದ ಆಯಸ್ಸು. ಸಣ್ಣಪುಟ್ಟ ಗಾಯಗಳಿಗೆ ಎಲ್ಲ ಬಾಬ್ತೂ ಸಿಗುವುದಿಲ್ಲ. ಚಿಕಿತ್ಸೆಯ ಖರ್ಚು, ಆ ದಿನಗಳ ಸಂಪಾದನೆ, ನೋವು ಇಷ್ಟೇ.

ಈ ಪಟ್ಟಿಯಲ್ಲಿ ಬಿಲ್ಲು ನೇರವಾಗಿ ಕೂರುವುದು ಮೊದಲನೇ ಬಾಬ್ತಿನಲ್ಲಿ ಮಾತ್ರ. ಅಲ್ಲಿ ಅದರ ಕೆಲಸ ಖರ್ಚಾದ ದುಡ್ಡನ್ನು ವಾಪಸ್ ತರುವುದು, ಅಷ್ಟೇ. ಆಸ್ಪತ್ರೆ ವರಾಂಡದಲ್ಲಿ 'ಬಿಲ್ ಜಾಸ್ತಿ ಆದಷ್ಟೂ ಕ್ಲೇಮ್ ಜಾಸ್ತಿ ಬರುತ್ತೆ' ಅಂತ ಸಲಹೆ ಕೊಡುವವರಿಗೆ ಇದು ಗೊತ್ತಿರುವುದಿಲ್ಲ. ನಾಲ್ಕು ಲಕ್ಷ ಕಟ್ಟಿ ನಾಲ್ಕು ಲಕ್ಷ ವಾಪಸ್ ಬಂದರೆ ಕೈಯಲ್ಲಿ ಉಳಿಯುವುದೇನು? ಅದೂ ವರ್ಷಗಳ ಮೇಲೆ.

ಹಾಗಂತ ಬಿಲ್ಲಿಗೆ ಬೇರೆ ಉಪಯೋಗವೇ ಇಲ್ಲ ಅಂತಲ್ಲ. ಎಷ್ಟು ದಿನ ಒಳರೋಗಿಯಾಗಿದ್ದರು, ಎಷ್ಟು ಸಲ ಆಪರೇಷನ್ ಆಯಿತು, ಐಸಿಯುನಲ್ಲಿ ಎಷ್ಟು ದಿನ ಇದ್ದರು, ಫಿಸಿಯೋಥೆರಪಿ ಎಲ್ಲಿಯವರೆಗೆ ಹೋಯಿತು ಅನ್ನುವುದನ್ನು ಬಿಲ್ಲು ಮತ್ತು ಡಿಸ್ಚಾರ್ಜ್ ಸಮ್ಮರಿ ತೋರಿಸುತ್ತವೆ. ಅದರ ಮೇಲೇ ನೋವಿನ ಬಾಬ್ತು, ನೋಡಿಕೊಂಡವರ ಖರ್ಚು, ಕೆಲಸ ತಪ್ಪಿದ ತಿಂಗಳುಗಳು ತೀರ್ಮಾನ ಆಗುತ್ತವೆ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಲ್ಲೋ ವಿಕ್ಟೋರಿಯಾದಲ್ಲೋ ಕಡಿಮೆ ಖರ್ಚಿನಲ್ಲಿ ಆಪರೇಷನ್ ಮಾಡಿಸಿಕೊಂಡವರ ಬಿಲ್ಲು ಚಿಕ್ಕದಿರಬಹುದು. ಅವರ ಮೂಳೆಯೇನೂ ಕಡಿಮೆ ಮುರಿದಿರುವುದಿಲ್ಲ ಅಲ್ವಾ? ದಾಖಲೆ ಸರಿಯಾಗಿದ್ದರೆ ಉಳಿದ ಬಾಬ್ತುಗಳು ಅವರಿಗೂ ಅಷ್ಟೇ ಸಿಗಬೇಕು.

ಪ್ಲಾಸ್ಟಿಕ್ ಕವರಿನಲ್ಲಿರುವ ಕಟ್ಟು

ಬಿಲ್ಲುಗಳು ನ್ಯಾಯಮಂಡಳಿಗೆ ಬರುವುದು ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ, ರಬ್ಬರ್ ಬ್ಯಾಂಡ್ ಹಾಕಿಕೊಂಡು. ವಕೀಲರು ಅವನ್ನು ತಾರೀಖಿನ ಪ್ರಕಾರ ಜೋಡಿಸಿ, ಮೊತ್ತ ಕೂಡಿಸಿ, ಪಟ್ಟಿ ಮಾಡಿ ಕೊಡುತ್ತಾರೆ. ಆಮೇಲೆ ಅದಕ್ಕೆ ನಿಶಾನೆ ಸಂಖ್ಯೆ, ಅಂದರೆ ಸಾಕ್ಷ್ಯದ ದಾಖಲೆ ಅಂತ ಗುರುತಿಸುವ ಸಂಖ್ಯೆ, ಬೀಳುತ್ತದೆ. ಆ ಮೊತ್ತ ಹಾಗೇ ಮಂಜೂರಾಗುತ್ತದೆ ಅಂದುಕೊಳ್ಳಬೇಡಿ. ಗುದ್ದಿದ ವಾಹನದ ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಕೆದಕುವುದು ಇದನ್ನೇ.

ಎಲ್ಲಿ ಕೆದಕುತ್ತಾರೆ? ಒಂದು, ಅಡ್ವಾನ್ಸ್ ರಸೀದಿಗಳು. ಸೇರಿಸುವಾಗ 50,000, ಆಪರೇಷನ್ ದಿನ 1,00,000 ಅಂತ ಕಟ್ಟಿದ ರಸೀದಿ ಬೇರೆ ಇರುತ್ತದೆ. ಕೊನೆಯ ಬಿಲ್ಲಿನಲ್ಲಿ ಅದೇ ದುಡ್ಡು ಮತ್ತೆ ಸೇರಿರುತ್ತದೆ. ಎರಡನ್ನೂ ಕೂಡಿಸಿಬಿಟ್ಟರೆ ಒಂದೇ ಖರ್ಚು ಎರಡು ಸಲ ಬಂದ ಹಾಗಾಯಿತು. ಬೇಕಂತಲೇ ಮಾಡಿರುವುದಿಲ್ಲ, ಆದರೂ ಸಿಕ್ಕಿಬಿದ್ದಾಗ ಇಡೀ ಪಟ್ಟಿಯ ಮೇಲೆ ಅನುಮಾನ ಬರುತ್ತದೆ. ಇನ್ನೊಂದು, ಚೀಟಿ ಇಲ್ಲದ ಮೆಡಿಕಲ್ ಶಾಪ್ ಬಿಲ್ಲು. ಡಾಕ್ಟರು ಬರೆದ ಚೀಟಿಗೂ ಬಿಲ್ಲಿಗೂ ತಾಳೆ ಆಗದಿದ್ದರೆ ಅದನ್ನು ಬಿಡುತ್ತಾರೆ. ಅಪಘಾತಕ್ಕೆ ಮೊದಲೇ ಇದ್ದ ಶುಗರ್, ಬಿಪಿ ಮಾತ್ರೆಗಳು ಕಟ್ಟಿನಲ್ಲಿ ಸೇರಿಕೊಂಡಿದ್ದರೆ ಅದನ್ನೂ ಎತ್ತಿ ತೋರಿಸುತ್ತಾರೆ.

ಇನ್ನೊಂದು ತೊಂದರೆಗೆ ಯಾರ ಕುತಂತ್ರವೂ ಬೇಕಿಲ್ಲ. ಮೆಡಿಕಲ್ ಶಾಪಿನ ಬಿಲ್ಲು ಎಷ್ಟೋ ಕಡೆ ಬರುವುದು ನುಣುಪಾದ ಥರ್ಮಲ್ ಕಾಗದದಲ್ಲಿ. ಬೀರುವಿನಲ್ಲಿಟ್ಟು ಒಂದೆರಡು ಬೇಸಿಗೆ ಕಳೆದರೆ ಅಕ್ಷರ ಮಾಸಿ ಖಾಲಿ ಚೀಟಿಯಾಗುತ್ತದೆ. ಸಾಕ್ಷಿ ಹೇಳುವ ದಿನ ಬಂದಾಗ ಕೈಯಲ್ಲಿ ಬಿಳಿ ಕಾಗದ. ಕೊಂಡ ದಿನವೇ ಜೆರಾಕ್ಸ್ ಮಾಡಿಸಿ ಜೊತೆಗಿಟ್ಟುಕೊಂಡವರು ಬಚಾವು.

ಕಳೆಯಬೇಕು ಅನ್ನುವವರ ಮಾತು

ಈಗ ಮೆಡಿಕ್ಲೇಮ್ ಜಗಳಕ್ಕೆ ಬರೋಣ. ಕರ್ನಾಟಕದ ತೀರ್ಪಿನ ಹಿಂದಿರುವ ತರ್ಕ ಸರಳ. ಪರಿಹಾರ ಇರುವುದು ನಷ್ಟ ತುಂಬಿಕೊಡುವುದಕ್ಕೆ, ಲಾಭ ಮಾಡಿಕೊಡುವುದಕ್ಕಲ್ಲ. ಆಸ್ಪತ್ರೆಯ ಬಿಲ್ಲನ್ನು ಪಾಲಿಸಿ ಕಟ್ಟಿದ ಮೇಲೆ ಗಾಯಾಳುವಿನ ಜೇಬಿನಿಂದ ಆ ದುಡ್ಡು ಹೋಗಲೇ ಇಲ್ಲ. ಹೋಗದ ದುಡ್ಡನ್ನು ವಾಪಸ್ ಕೊಡುವುದು ಹೇಗೆ? ಒಂದೇ ಬಿಲ್ಲಿಗೆ ಎರಡು ಕಡೆ ವಸೂಲಿ ಮಾಡಿದ ಹಾಗಾಗುತ್ತದೆ.

ಜೀವ ವಿಮೆಗೆ ಮಾತ್ರ ಈ ತರ್ಕ ತಾಗುವುದಿಲ್ಲ. ಸತ್ತವರ ಕುಟುಂಬಕ್ಕೆ ಬಂದ ಎಲ್ಐಸಿ ಹಣವನ್ನು ಪರಿಹಾರದಲ್ಲಿ ಕಳೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಯಾಕಂದ್ರೆ ಆ ಹಣ ಅಪಘಾತದಿಂದಲೇ ಬರಬೇಕು ಅಂತೇನಿಲ್ಲ, ಸಾವು ಹೇಗೇ ಬಂದರೂ ಬರುವಂಥದ್ದು. ಪ್ರೀಮಿಯಂ ಕಟ್ಟಿ ಸಂಪಾದಿಸಿಕೊಂಡ ಹಕ್ಕು ಅದು. ಮೆಡಿಕ್ಲೇಮ್ ಹಾಗಲ್ಲ, ಖರ್ಚಾದಷ್ಟನ್ನು ಮಾತ್ರ ತುಂಬಿಕೊಡುವ ಪಾಲಿಸಿ, ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ ಅನ್ನುವುದು ವಿಮಾ ಕಂಪನಿಗಳ ವಾದ.

ಕಳೆಯಬಾರದು ಅನ್ನುವವರ ಮಾತು

ಬಾಂಬೆ ಪೂರ್ಣ ಪೀಠ ಇದನ್ನು ಬೇರೆ ಕಡೆಯಿಂದ ನೋಡಿತು. ಪಾಲಿಸಿ ಅನ್ನುವುದು ಗಾಯಾಳು ಮತ್ತು ಅವರ ಆರೋಗ್ಯ ವಿಮಾ ಕಂಪನಿಯ ನಡುವಿನ ಕರಾರು. ವರ್ಷ ವರ್ಷ ಪ್ರೀಮಿಯಂ ಕಟ್ಟಿದ್ದು ಗಾಯಾಳು. ಗುದ್ದಿದ ವಾಹನದ ಮಾಲೀಕನಿಗೂ ಅವನ ವಿಮಾ ಕಂಪನಿಗೂ ಆ ಕರಾರಿನಲ್ಲಿ ಜಾಗವಿಲ್ಲ. ಮೆಡಿಕ್ಲೇಮ್ ಹಣ ಕಳೆದರೆ ಉಳಿತಾಯ ಆಗುವುದು ಗುದ್ದಿದವನ ಕಡೆಗೆ. ಮುಂದಾಲೋಚನೆ ಮಾಡಿ ಪಾಲಿಸಿ ತಗೊಂಡವನ ಪ್ರೀಮಿಯಂನಿಂದ ತಪ್ಪು ಮಾಡಿದವನ ಹೊರೆ ಇಳಿಯಿತು ಅನ್ನಿ.

ಎರಡರಲ್ಲಿ ಯಾವುದು ಸರಿ? ಸ್ವಂತ ದುಡ್ಡಿನಲ್ಲಿ ಪ್ರೀಮಿಯಂ ಕಟ್ಟಿದವರ ವಿಷಯದಲ್ಲಿ ಬಾಂಬೆ ಪೀಠದ ವಾದವೇ ಗಟ್ಟಿ ಅನಿಸುತ್ತದೆ. ಎರಡು ಸಲ ವಸೂಲಿ ಅನ್ನುವ ಮಾತು ಕೇಳಲು ಚೆನ್ನಾಗಿದೆ, ಆದರೆ ಪ್ರೀಮಿಯಂ ಅನ್ನುವ ಖರ್ಚನ್ನು ಅದು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಪಾಲಿಸಿ ಇಲ್ಲದೆ ಸಾಲ ಮಾಡಿ ಬಿಲ್ಲು ಕಟ್ಟಿದವರಿಗೆ ಪೂರ್ತಿ ಸಿಗುತ್ತದೆ, ಹತ್ತು ವರ್ಷ ಪ್ರೀಮಿಯಂ ಕಟ್ಟಿದವರಿಗೆ ಕಡಿತ. ಕಂಪನಿ ಪುಕ್ಕಟೆಯಾಗಿ ಕೊಟ್ಟ ಗ್ರೂಪ್ ಪಾಲಿಸಿಯಲ್ಲಿ ಮಾತ್ರ ವಾದ ಸ್ವಲ್ಪ ಸಡಿಲ. ಅದೂ ಸಂಬಳದ ಭಾಗವೇ ಅನ್ನಬಹುದು, ಆದರೆ ವಾದಿಸಿ ಗೆಲ್ಲಬೇಕಾದ ಮಾತು ಅದು.

ಬೆಂಗಳೂರಿನವರಿಗೆ ಈಗ ಯಾವುದು ಅನ್ವಯ ಅನ್ನುವುದಕ್ಕೆ ಉತ್ತರ ಸುಲಭ. ಇಲ್ಲಿನ ನ್ಯಾಯಮಂಡಳಿಗಳು ನಡೆಯಬೇಕಾದ್ದು ಕರ್ನಾಟಕ ಹೈಕೋರ್ಟ್ ಹೇಳಿದಂತೆ. ಬಾಂಬೆ ಪೀಠದಲ್ಲಿ ಮೂವರು ನ್ಯಾಯಮೂರ್ತಿಗಳಿದ್ದರೂ ಅದರ ಮಾತು ಇಲ್ಲಿ ಸಲಹೆ, ಆಜ್ಞೆ ಅಲ್ಲ. ಅದನ್ನು ಮುಂದಿಟ್ಟುಕೊಂಡು ಮೇಲ್ಮನವಿಯಲ್ಲಿ ವಾದಿಸಬಹುದು. ಇಡೀ ದೇಶಕ್ಕೆ ಒಂದೇ ಲೆಕ್ಕ ಆಗಬೇಕಾದರೆ ಮಾತು ಸುಪ್ರೀಂ ಕೋರ್ಟ್‌ನಿಂದಲೇ ಬರಬೇಕು.

ಒಂದು ಆಟೋ, ಒಂದು ಮುರಿದ ಕಾಲು

ಕಡಿತ ಆದರೂ ಎಷ್ಟು ಆಗುತ್ತದೆ? ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. 32 ವರ್ಷದ ಆಟೋ ಚಾಲಕರು. ತಿಂಗಳಿಗೆ 20,000 ಸಂಪಾದನೆ. ಲಾರಿ ಗುದ್ದಿ ಬಲಗಾಲಿನ ಮೂಳೆ ಎರಡು ಕಡೆ ಮುರಿದಿದೆ, ರಾಡ್ ಹಾಕಿದ್ದಾರೆ. ಆಸ್ಪತ್ರೆ ಬಿಲ್ಲು 3,60,000. ಹೆಂಡತಿಯ ಕಂಪನಿಯ ಪಾಲಿಸಿಯಲ್ಲಿ ಇವರ ಹೆಸರೂ ಇದ್ದುದರಿಂದ 2,90,000 ಅಲ್ಲಿಂದ ಬಂತು. ಕರ್ನಾಟಕದ ತೀರ್ಪಿನಂತೆ ಈ ಬಾಬ್ತಿನಲ್ಲಿ ಸಿಗುವುದು 70,000. ಬಾಂಬೆ ತೀರ್ಪಿನಂತೆ 3,60,000. ವ್ಯತ್ಯಾಸ 2,90,000.

ಈಗ ಊನದ ಬಾಬ್ತು ನೋಡಿ. ಡಾಕ್ಟರು ಸಾಕ್ಷಿ ಹೇಳಿ, ಆ ಕಾಲಿಗೆ 30% ಊನ ಅನ್ನುತ್ತಾರೆ. ಒಂದು ಕೈ ಅಥವಾ ಕಾಲಿನ ಊನದ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನ ಅಂತ ಹಿಡಿಯುವ ರೂಢಿ ನಮ್ಮ ಕಡೆ ಇದೆ. ಅಂದರೆ 10%. ವರ್ಷದ ಸಂಪಾದನೆಯನ್ನು ವಯಸ್ಸಿನ ಪ್ರಕಾರ ಎಷ್ಟರಿಂದ ಗುಣಿಸಬೇಕು ಅನ್ನುವ ಸಂಖ್ಯೆಗೆ ಮಲ್ಟಿಪ್ಲೈಯರ್ ಅಂತ ಹೆಸರು; ಸುಪ್ರೀಂ ಕೋರ್ಟ್‌ನ 2009ರ ಸರಳಾ ವರ್ಮಾ ಪ್ರಕರಣದ ಪಟ್ಟಿಯಲ್ಲಿ 31ರಿಂದ 35 ವಯಸ್ಸಿಗೆ ಅದು 16. ವರ್ಷದ 2,40,000ವನ್ನು 16ರಿಂದ ಗುಣಿಸಿ 10% ತೆಗೆದರೆ 3,84,000.

ಆದರೆ ಆಟೋದ ಬ್ರೇಕ್ ಪೆಡಲ್ ಇರುವುದು ಬಲಗಾಲಿನ ಕೆಳಗೆ. ಮಂಡಿ ಸರಿಯಾಗಿ ಬಗ್ಗದವರು ಈ ಊರಿನ ಟ್ರಾಫಿಕ್‌ನಲ್ಲಿ ದಿನಕ್ಕೆ ಹತ್ತು ಗಂಟೆ ಬ್ರೇಕ್ ಒತ್ತುವುದಕ್ಕೆ ಆಗುತ್ತಾ? ರಾಜ್‌ಕುಮಾರ್ ಪ್ರಕರಣದಲ್ಲಿ ಕೋರ್ಟ್ ಒತ್ತಿ ಹೇಳಿದ್ದು ಇದನ್ನೇ. ಡಾಕ್ಟರು ಕೊಟ್ಟ ಶೇಕಡಾವಾರು ಬೇರೆ, ಆ ಊನ ಆ ಮನುಷ್ಯನ ದುಡಿಮೆಗೆ ಕೊಟ್ಟ ಹೊಡೆತ ಬೇರೆ. ಎಡಗೈ ಕಳೆದುಕೊಂಡ ಬಡಗಿಯ ದುಡಿಮೆ ಪೂರ್ತಿ ನಿಂತುಹೋಗಬಹುದು. ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತರ ಸಂಬಳ ಹಾಗೇ ಉಳಿಯಬಹುದು. ನಮ್ಮ ಆಟೋ ಚಾಲಕರ ದುಡಿಮೆಗೆ 25% ಪೆಟ್ಟು ಅಂತ ಒಪ್ಪಿಸಿದರೆ ಮೊತ್ತ 9,60,000. ಮೊದಲಿಗಿಂತ 5,76,000 ಜಾಸ್ತಿ. ಮೆಡಿಕ್ಲೇಮ್ ಜಗಳದ ಹೆಚ್ಚುಕಡಿಮೆ ಎರಡರಷ್ಟು.

ಅದೇ ಗಾಯ ಒಬ್ಬ ಆಫೀಸು ನೌಕರರಿಗೆ ಆಯಿತು ಅನ್ನಿ. ದೊಡ್ಡ ಖಾಸಗಿ ಆಸ್ಪತ್ರೆ, ಬಿಲ್ಲು 7 ಲಕ್ಷ. ನಾಲ್ಕು ತಿಂಗಳಿಗೆ ಅದೇ ಕುರ್ಚಿಗೆ, ಅದೇ ಸಂಬಳಕ್ಕೆ ವಾಪಸ್. ಬಿಲ್ಲು ದುಪ್ಪಟ್ಟು, ಮುಂದಿನ ಸಂಪಾದನೆಯ ಬಾಬ್ತಿನಲ್ಲಿ ಸಿಗುವುದು ಏನೂ ಇಲ್ಲದಿರಬಹುದು. ಇಂಥವರು ಕೇಳಬೇಕಾದ್ದು ಕಳೆದುಕೊಂಡ ಓಡಾಟ, ಮೆಟ್ಟಿಲು ಹತ್ತಲಾಗದ ಕಷ್ಟ ಇವುಗಳ ಬಾಬ್ತಿನಲ್ಲಿ.

ಆಟೋ ಚಾಲಕರ ಸಂಪಾದನೆಗೆ ಕಾಗದ ಇಲ್ಲದಿದ್ದರೆ ಇನ್ನೊಂದು ಪೆಟ್ಟು. ಆಗ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವು ಲೋಕ ಅದಾಲತ್‌ಗೆಂದು ಮಾಡಿದ ಪಟ್ಟಿ ನೋಡಿ, ಅಪಘಾತ ಆದ ವರ್ಷಕ್ಕೆ ಇಷ್ಟು ಅಂತ ಅಂದಾಜು ಆದಾಯ ಹಿಡಿಯುತ್ತಾರೆ. ಇಷ್ಟೆಲ್ಲ ಆದಮೇಲೆ ತಪ್ಪಿನಲ್ಲಿ ಗಾಯಾಳುವಿನ ಪಾಲೂ 25% ಇದೆ ಅಂತ ತೀರ್ಮಾನವಾದರೆ ಒಟ್ಟು ಮೊತ್ತದಲ್ಲೇ ಕಾಲು ಭಾಗ ಹೋಗುತ್ತದೆ, ಬಿಲ್ಲಿನ ದುಡ್ಡೂ ಸೇರಿ.

ಇನ್ನೂ ಬರದ ಬಿಲ್ಲು

ಕಾಲಿಗೆ ಹಾಕಿದ ರಾಡ್ ತೆಗೆಸಬೇಕಾಗಬಹುದು. ಅದರ ಬಿಲ್ಲು ಇವತ್ತು ಕೈಯಲ್ಲಿಲ್ಲ. ಆಮೇಲೆ ಖರ್ಚಾದಾಗ ಕೇಳಿದರಾಯಿತು ಅಂದುಕೊಂಡರೆ ಕೆಟ್ಟ ಹಾಗೆ. ಒಂದು ಸಲ ಕೊನೆಯ ತೀರ್ಪು ಆದಮೇಲೆ ಮತ್ತೆ ಇನ್ನಷ್ಟು ಕೊಡಿ ಅಂತ ನ್ಯಾಯಮಂಡಳಿಯ ಮುಂದೆ ಹೋಗಲು ಕಾಯ್ದೆಯಲ್ಲಿ ದಾರಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ ನಾಗಪ್ಪ ಪ್ರಕರಣದಲ್ಲಿ ಹೇಳಿದೆ. ಅದೇ ತೀರ್ಪಿನಲ್ಲಿ ಇನ್ನೊಂದು ಒಳ್ಳೆಯ ಮಾತೂ ಇದೆ: ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ಕೊಡಲು ಅಡ್ಡಿ ಇಲ್ಲ. ಹಾಗಾಗಿ ಮುಂದಿನ ಆಪರೇಷನ್ನಿಗೆ ಎಷ್ಟು ಬೀಳುತ್ತದೆ ಅಂತ ಡಾಕ್ಟರಿಂದ ಅಂದಾಜು ಬರೆಸಿ, ಅವರ ಬಾಯಲ್ಲೇ ಹೇಳಿಸಿದರೆ ಈಗಲೇ ಸಿಗುತ್ತದೆ.

ದೊಡ್ಡ ಗಾಯಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಬಾಬ್ತು ಆಗಬಹುದು. ಅಪಘಾತದಲ್ಲಿ ಪೂರ್ತಿ ಪರಾವಲಂಬಿಯಾದ 12 ವರ್ಷದ ಹುಡುಗಿಯೊಬ್ಬಳ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಆರೈಕೆಯವರ ಸಂಬಳವನ್ನು 18ರ ಮಲ್ಟಿಪ್ಲೈಯರ್ ಹಾಕಿ ಕೊಡಿಸಿತು. ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಆ ಖರ್ಚು ಬರೆದಿರುವುದಿಲ್ಲ. ಮನೆಯಲ್ಲಿ ತಾಯಿಯೋ ಹೆಂಡತಿಯೋ ಕೆಲಸ ಬಿಟ್ಟು ನೋಡಿಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಬಡ್ಡಿಯಲ್ಲೂ ವ್ಯತ್ಯಾಸ ಇದೆ. ಕರ್ನಾಟಕದಲ್ಲಿ ಪರಿಹಾರಕ್ಕೆ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ವರ್ಷಕ್ಕೆ 6% ಬಡ್ಡಿ ಸಿಗುತ್ತದೆ. ಮುಂದಿನ ಚಿಕಿತ್ಸೆಯ ಮೊತ್ತಕ್ಕೆ ಮಾತ್ರ ಬಡ್ಡಿ ಇಲ್ಲ, ಆ ಖರ್ಚು ಇನ್ನೂ ಆಗಿಲ್ಲವಲ್ಲ.

ಪಾಲಿಸಿ ಇರುವವರ ಕಾಗದಪತ್ರ

ಕಡಿತದ ತೀರ್ಪಿನಿಂದ ತಕ್ಷಣ ಬದಲಾಗುವುದು ಪಾಟೀಸವಾಲಿನ ಪ್ರಶ್ನೆ. 'ನಿಮಗೆ ಕಂಪನಿಯಿಂದ ಇನ್ಶೂರೆನ್ಸ್ ಇತ್ತಾ? ಎಷ್ಟು ಕೊಟ್ಟರು?' ಇದನ್ನು ಮುಚ್ಚಿಡುವ ಆಸೆ ಬರುವುದು ಸಹಜ, ಆದರೆ ದಡ್ಡತನ. ಆಸ್ಪತ್ರೆಯ ಕೊನೆಯ ಬಿಲ್ಲಿನಲ್ಲೇ ಯಾರು ಎಷ್ಟು ಕಟ್ಟಿದರು ಅಂತ ಇರುತ್ತದೆ, ಆಸ್ಪತ್ರೆಯಿಂದ ದಾಖಲೆ ತರಿಸುವುದೂ ಕಷ್ಟವಲ್ಲ. ಸುಳ್ಳು ಸಿಕ್ಕಿಬಿದ್ದರೆ ಊನದ ಬಗ್ಗೆ ಹೇಳಿದ ನಿಜವನ್ನೂ ನಂಬುವುದಿಲ್ಲ.

ಅದರ ಬದಲು ಪಾಲಿಸಿ ಕಟ್ಟದೇ ಬಿಟ್ಟಿದ್ದನ್ನು ಹುಡುಕುವುದು ಜಾಣತನ. ರೂಮ್ ಬಾಡಿಗೆ ಮಿತಿ ದಾಟಿತು ಅಂತ ಕಡಿದಿದ್ದು, ಗ್ಲೌಸ್ ಸಿರಿಂಜ್ ಇವಕ್ಕೆ ಕೊಡುವುದಿಲ್ಲ ಅಂದಿದ್ದು, ಕೋ-ಪೇ ಅಂತ ಕೈಯಿಂದ ಕಟ್ಟಿಸಿಕೊಂಡಿದ್ದು, ಡಿಸ್ಚಾರ್ಜ್ ಆದಮೇಲಿನ ಫಿಸಿಯೋ, ವಾಕರ್, ಆಟೋ ಬಾಡಿಗೆ ಎಲ್ಲವೂ ಕರ್ನಾಟಕದ ತೀರ್ಪಿನ ಪ್ರಕಾರವೂ ಕೇಳಬಹುದಾದ ದುಡ್ಡು. ಇದಕ್ಕೆ ಆರೋಗ್ಯ ವಿಮಾ ಕಂಪನಿಯ ಸೆಟಲ್‌ಮೆಂಟ್ ಪತ್ರ, ಅಂದರೆ ಎಷ್ಟು ಕೊಟ್ಟರು, ಎಷ್ಟು ಕಡಿದರು ಅನ್ನುವ ಪತ್ರ ಬೇಕು. ಕೈಯಿಂದ ಕಟ್ಟಿ ಆಮೇಲೆ ವಾಪಸ್ ಪಡೆದವರ ಅಸಲಿ ಬಿಲ್ಲುಗಳು ಕಂಪನಿಯ ಕಡತದಲ್ಲಿ ಕೂತಿರುತ್ತವೆ. ಕಳಿಸುವ ಮುಂಚೆ ಪ್ರತಿ ಇಟ್ಟುಕೊಂಡು, ಆಸ್ಪತ್ರೆಯಿಂದ ದೃಢೀಕೃತ ನಕಲು ಪಡೆಯದಿದ್ದರೆ ಎರಡೂ ಕಡೆ ಕೈ ಖಾಲಿ.

ಇನ್ನು ಗಡುವು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಆದೇಶವನ್ನೇ ನೆಚ್ಚಿಕೊಂಡು ಸುಮ್ನೆ ಕೂರುವುದು ಮಾತ್ರ ಅಪಾಯ.

ಮೊದಲ ಏಳು ದಿನ

ಈ ಚಿತ್ರಕ್ಕೆ ಹೊಸದಾಗಿ ಸೇರಿದ್ದು ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸಾ ಯೋಜನೆ. 2025ರ ಮೇ 5ರ ಅಧಿಸೂಚನೆಯ ಪ್ರಕಾರ ರಸ್ತೆ ಅಪಘಾತದ ಗಾಯಾಳುವಿಗೆ ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷದವರೆಗೆ ಚಿಕಿತ್ಸೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ. ಈ ದುಡ್ಡಿಗೆ ಮೆಡಿಕ್ಲೇಮ್ ವಾದ ಹೊಂದುವುದಿಲ್ಲ. ಗಾಯಾಳು ಪ್ರೀಮಿಯಂ ಕಟ್ಟಿಲ್ಲ, ಕರಾರೂ ಇಲ್ಲ. ಹಾಗಾಗಿ ಯೋಜನೆಯಲ್ಲಿ ಕಟ್ಟಿದ ಮೊತ್ತವನ್ನು ಮತ್ತೆ ವೈದ್ಯಕೀಯ ಖರ್ಚು ಅಂತ ಕೇಳಲು ಗಟ್ಟಿ ಆಧಾರ ಕಾಣುವುದಿಲ್ಲ. ಆದರೆ ಆ ಏಳು ದಿನಗಳ ದಾಖಲೆ ಬೇಕೇ ಬೇಕು. ಮೊದಲ ಆಪರೇಷನ್, ಮೊದಲ ಎಕ್ಸ್-ರೇ, ಗಾಯದ ಸರ್ಟಿಫಿಕೇಟ್ ಎಲ್ಲ ಆ ವಾರದವೇ. ಬಿಲ್ಲು ಕಟ್ಟದವರಿಗೆ ಕಾಗದ ಕೇಳಿ ಇಸ್ಕೊಳ್ಳುವ ನೆನಪೂ ಇರುವುದಿಲ್ಲ. ಎಂಟನೇ ದಿನದಿಂದ ಬಿಲ್ಲು ಮತ್ತೆ ಮನೆಯವರ ಹೆಸರಿಗೇ ಬರುತ್ತದೆ.